ಪಟ್ಟಿ ಯಾರು ಬರೆಯಬೇಕು?

ನಮ್ಮ ಪ್ರೌಢಶಾಲೆಯ ಕಚೇರಿಗೆ ವರ್ಷದಲ್ಲಿ ಎರಡು ಸಲ ಹಳೆಯ ವಿದ್ಯಾರ್ಥಿಗಳ ದಂಡು ಬರುತ್ತದೆ. ಸಂಕ್ರಾಂತಿ ಕಳೆದ ಮೇಲೆ, ಸಿಇಟಿ ಅರ್ಜಿ ತುಂಬುವ ಕಾಲಕ್ಕೆ ಒಂದು ಸಲ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಇನ್ನೊಂದು ಸಲ. ಮೂರು ವರ್ಷ ಕಣ್ಣೆದುರು ಬೆಳೆದ ಮಕ್ಕಳು. ಶಾಲೆ ಬಿಟ್ಟ ಎರಡೇ ವರ್ಷದಲ್ಲಿ ಮೀಸೆ ಚಿಗುರಿರುತ್ತದೆ, ದನಿ ಒಡೆದಿರುತ್ತದೆ. ನಮಸ್ಕಾರ ಹೇಳಿ, ಹೆಚ್ಚು ಬಳಸದೆ ವಿಷಯಕ್ಕೆ ಬರುತ್ತಾರೆ: ‘ಸಾರ್, ಸ್ಟಡಿ ಸರ್ಟಿಫಿಕೇಟ್ ಬೇಕಿತ್ತು.’

ಜೊತೆಗೆ ಅಪ್ಪ ಇರುತ್ತಾರೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಮಗನ ಹದಿನೇಳು ವರ್ಷದ ಚರಿತ್ರೆ, ಜನನ ಪತ್ರದಿಂದ ಹಿಡಿದು ಅಂಕಪಟ್ಟಿಯವರೆಗೆ. ನಾನು ಕುರ್ಚಿ ತೋರಿಸಿ ಮೂರು ಪ್ರಶ್ನೆ ಕೇಳುತ್ತೇನೆ. ‘ಯಾವ ಕೋರ್ಸು ಅಂದ್ಕೊಂಡಿದೀಯಪ್ಪಾ?’ ಎಂದರೆ ಅಪ್ಪ ಉತ್ತರ ಕೊಡುತ್ತಾರೆ. ‘ದುಡ್ಡಿಗೆ ಏನು ಏರ್ಪಾಡು?’ ಎಂದರೆ ಮಗ ಉತ್ತರ ಕೊಡುತ್ತಾನೆ: ‘ಅಪ್ಪ ನೋಡ್ಕೊಳ್ತಾರೆ ಸಾರ್.’ ‘ಕಾಗದಪತ್ರ ಎಲ್ಲಾ ಸರಿ ಇದೆಯಾ?’ ಎಂದರೆ ಇಬ್ಬರೂ ನನ್ನ ಮುಖ ನೋಡುತ್ತಾರೆ.

ಕಾಲೇಜು ಪ್ರವೇಶದ ಗೋಜಲೆಲ್ಲ ಈ ಮೂರು ಉತ್ತರಗಳಲ್ಲೇ ಇದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಮಗ ಹೇಳಬೇಕಾದ್ದನ್ನು ಅಪ್ಪ ಹೇಳುತ್ತಾರೆ. ಅಪ್ಪ ಹೇಳಬೇಕಾದ್ದನ್ನು ಮಗ ಹೇಳುತ್ತಾನೆ. ಶಾಲೆ ನೋಡಬೇಕಾದ್ದನ್ನು ಶಾಲೆ ನೋಡಿದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಶಾಲೆಯ ಪಾಲನ್ನೇ ಹೇಳಿಬಿಡುತ್ತೇನೆ. ಯಾಕೆಂದರೆ ಅಲ್ಲಿ ತಪ್ಪು ಮಾಡಿದವನು ನಾನೇ.

ನಾವು ಪಿಯುಸಿ ಓದಿದ 1980ರ ದಶಕದಲ್ಲಿ ಸಿಇಟಿ ಇರಲಿಲ್ಲ. ಕಾಲೇಜಿಗೆ ಹೋಗಿ ಅರ್ಜಿ ಕೊಂಡು, ತುಂಬಿ, ಅಂಕಪಟ್ಟಿಯ ನಕಲು ಲಗತ್ತಿಸಿ ಕೊಟ್ಟು ಬರುತ್ತಿದ್ದೆವು. ನೋಟಿಸ್ ಬೋರ್ಡಿನಲ್ಲಿ ಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗೆ ಕೆಲವೆಡೆ ಬೇರೆ ಬಾಗಿಲೂ ಇತ್ತು. ಅದಕ್ಕೆ ಕ್ಯಾಪಿಟೇಷನ್ ಎಂದು ಹೆಸರು. 1993ರಲ್ಲಿ ಸುಪ್ರೀಂ ಕೋರ್ಟು ಉನ್ನಿಕೃಷ್ಣನ್ ಪ್ರಕರಣದಲ್ಲಿ ತೀರ್ಪು ಕೊಟ್ಟ ಮೇಲೆ, 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿಇಟಿ ಶುರುವಾಯಿತು. ಹಳ್ಳಿ ಹುಡುಗನೊಬ್ಬ ಯಾರ ಶಿಫಾರಸೂ ಇಲ್ಲದೆ ಎಂಜಿನಿಯರಿಂಗ್ ಸೇರುವುದು ಆಗ ಸಾಧ್ಯವಾಯಿತು. ಅದು ಸಣ್ಣ ಮಾತಲ್ಲ. ಆದರೆ ಶಿಫಾರಸಿನ ಜಾಗಕ್ಕೆ ಕಾಗದ ಬಂತು. ಕಾಗದ ಸರಿಯಿಲ್ಲದವನಿಗೆ ಸಿಇಟಿಯೂ ಏನೂ ಮಾಡಲಾರದು.

ಹಳ್ಳಿ ಶಾಲೆಯ ಮಕ್ಕಳಿಗೆ ಮುಖ್ಯವಾದ ಕಾಗದಗಳು ಎರಡು. 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡ 15, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಇದಕ್ಕೆ ಮುಖ್ಯೋಪಾಧ್ಯಾಯರು ವ್ಯಾಸಂಗ ಪ್ರಮಾಣಪತ್ರ ಕೊಡಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುರುಜು ಹಾಕಬೇಕು. ಸಾಮಾನ್ಯ ವರ್ಗದ ಮಕ್ಕಳು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನೂ ತರಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಅರ್ಜಿ ತುಂಬುವಾಗಲೇ ಈ ಕೋಟಾಗಳನ್ನು ಕೇಳಿಕೊಂಡಿರಬೇಕು. ರ‍್ಯಾಂಕ್ ಬಂದ ಮೇಲೆ ನೆನಪಾದರೆ ಉಪಯೋಗವಿಲ್ಲ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಆಗ ನಾನು ಕೆಲಕಾಲ ಮುಖ್ಯೋಪಾಧ್ಯಾಯರ ಪ್ರಭಾರದಲ್ಲಿದ್ದೆ. ಕೂಲಿ ಮಾಡುವವರ ಮನೆಯ ಹುಡುಗ. ಗಣಿತದಲ್ಲಿ ಚುರುಕು. ಪ್ರಮಾಣಪತ್ರ ಕೇಳಿಕೊಂಡು ಬಂದ. 8ರಿಂದ 10ರವರೆಗೆ ನಮ್ಮಲ್ಲಿ ಓದಿದ್ದ. 1ರಿಂದ 7 ತನ್ನ ಊರಿನ ಪ್ರಾಥಮಿಕ ಶಾಲೆಯಲ್ಲಿ. ಮೂರು ವರ್ಷಕ್ಕೆ ಬರೆದುಕೊಟ್ಟೆ. ‘ಪ್ರೈಮರಿ ಸ್ಕೂಲಿಂದೂ ಬೇಕಾ ಸಾರ್?’ ಎಂದು ಕೇಳಿದ. ಮುಂದೆ ಹತ್ತು ಜನ ನಿಂತಿದ್ದರು, ಮಧ್ಯಾಹ್ನದ ಬಸ್ಸಿಗೆ ನಾನು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಿತ್ತು. ‘ಇಷ್ಟು ಸಾಕು ಹೋಗೋ’ ಎಂದೆ.

ಸಾಕಾಗಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ದಾಖಲೆ ಪರಿಶೀಲನೆಯ ದಿನ ಅವನನ್ನು ವಾಪಸು ಕಳಿಸಿದರು. ಊರಿಗೆ ಓಡಿ ಬಂದರೆ ಪ್ರಾಥಮಿಕ ಶಾಲೆಗೆ ಬೇಸಿಗೆ ರಜೆ, ಹೆಡ್‌ಮಿಸ್ಸು ತವರಿಗೆ ಹೋಗಿದ್ದಾರೆ. ಅವರು ಬಂದು, ಬೀರುವಿನ ಬೀಗ ತೆಗೆದು, ಬರೆದುಕೊಟ್ಟು, ಅದಕ್ಕೆ ಮೇಲುರುಜು ಆಗುವಷ್ಟರಲ್ಲಿ ಪರಿಶೀಲನೆಯ ಕೊನೆಯ ದಿನ ಕಳೆದಿತ್ತು. ಕಟ್ ಆಫ್ ಪಟ್ಟಿ ಬಂದ ಮೇಲೆ ನಾನೇ ಕೂತು ನೋಡಿದೆ. ಗ್ರಾಮೀಣ ಕೋಟಾ ಸಿಕ್ಕಿದ್ದರೆ ಅವನ ರ‍್ಯಾಂಕಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಬರುತ್ತಿತ್ತು. ಬರಲಿಲ್ಲ. ಖಾಸಗಿ ಕಾಲೇಜಿಗೆ ಸೇರಿದ, ಸಾಲ ಮಾಡಿದರು. ಈಗ ಕೆಲಸದಲ್ಲಿದ್ದಾನೆ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾನೆ. ಆ ವಿಷಯ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ‘ಇಷ್ಟು ಸಾಕು’ ಎಂಬ ಎರಡು ಪದಕ್ಕೆ ಅವರಪ್ಪ ಎಷ್ಟು ವರ್ಷ ಬಡ್ಡಿ ಕಟ್ಟಿದರೋ ಕೇಳುವ ಧೈರ್ಯ ನನಗಿಲ್ಲ.

ಈಗ ಎಷ್ಟೋ ಪರಿಶೀಲನೆ ಕಂಪ್ಯೂಟರಿನಲ್ಲೇ ಆಗುತ್ತದೆ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿದರೆ ಸಾಕು, ವಿವರ ತಾನೇ ಬರುತ್ತದೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಒಂದು, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು ಇದ್ದರೆ ಕಂಪ್ಯೂಟರು ನಮ್ಮ ಗುಮಾಸ್ತರಂತೆ ‘ಇರಲಿ, ಅದೇ ಹುಡುಗ’ ಎನ್ನುವುದಿಲ್ಲ. ಹೆಸರು ತಿದ್ದಿಸುವ ಕೆಲಸ ಒಂಬತ್ತನೇ ತರಗತಿಯಲ್ಲೇ, ಪರೀಕ್ಷಾ ಮಂಡಳಿಗೆ ಹೆಸರು ಕಳಿಸುವ ಮೊದಲೇ ಆಗಬೇಕು. ಇದನ್ನು ಪೋಷಕರ ಸಭೆಯಲ್ಲಿ ಹೇಳುವುದು ಶಾಲೆಯ ಕೆಲಸ. ಸಭೆಗೆ ಬರುವುದು ಪೋಷಕರ ಕೆಲಸ. (ನಮ್ಮಲ್ಲಿ ಹಾಜರಾತಿ ಎಷ್ಟಿರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ.)

ಇನ್ನು ಪೋಷಕರ ಪಾಲು. ನಾಡಕಚೇರಿಗೆ ಅಲೆಯುವುದು, ಪ್ರಮಾಣಪತ್ರ ಮಾಡಿಸುವುದು ತಮ್ಮ ಜವಾಬ್ದಾರಿ ಎಂದು ಹೆಚ್ಚಿನವರು ಒಪ್ಪುತ್ತಾರೆ. ಅಲ್ಲೂ ಒಂದು ಮರೆವು ಸಾಮಾನ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ನಮೂನೆ ಎಫ್. ಈ ಎಫ್ ನಮೂನೆಯಲ್ಲಿ ಆದಾಯವೂ ಸೇರಿರುವುದರಿಂದ ಅದಕ್ಕೆ ಐದು ವರ್ಷದ ಅವಧಿ. ಏಳನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದನ್ನು ಜೋಪಾನವಾಗಿ ಇಟ್ಟುಕೊಂಡು ಬರುತ್ತಾರೆ. ಪಿಯುಸಿ ಮುಗಿಯುವ ಹೊತ್ತಿಗೆ ಅದರ ಆಯಸ್ಸೂ ಮುಗಿದಿರುತ್ತದೆ.

ಆದರೆ ಅಪ್ಪ ಅಮ್ಮ ಮಾಡಲೇಬೇಕಾದ, ಯಾರೂ ಮಾಡದ ಕೆಲಸ ಬೇರೆ ಇದೆ. ಅದು ಮಗುವಿಗೆ ದುಡ್ಡಿನ ನಿಜ ಹೇಳುವುದು.

ನಮ್ಮ ಕಡೆ ತೆಂಗಿನ ತೋಟದವರು ಹೆಚ್ಚು. ಉಂಡೆ ಕೊಬ್ಬರಿ ಮಾಡುವವರ ಆಸ್ತಿಯೆಲ್ಲ ಅಟ್ಟದ ಮೇಲಿರುತ್ತದೆ. ಕಾಯಿ ಅಟ್ಟಕ್ಕೆ ಏರಿಸಿದರೆ ಒಳಗಿನ ನೀರು ಇಂಗಿ ಕೊಬ್ಬರಿ ಗಟ್ಟಿಯಾಗಿ ಅಲುಗಾಡಲು ಹತ್ತು ಹನ್ನೆರಡು ತಿಂಗಳು ಬೇಕು. ಆಮೇಲೆ ಸುಲಿಸಿ, ಒಡೆಸಿ, ತಿಪಟೂರಿನ ಮಾರುಕಟ್ಟೆಗೆ ಹಾಕಬೇಕು. ಆ ದಿನದ ಹರಾಜಿನಲ್ಲಿ ರೇಟು ಹೇಗೋ ಹಾಗೆ. ಈ ಲೆಕ್ಕದಲ್ಲಿ ಬದುಕುವ ಅಪ್ಪ ಮೇ ತಿಂಗಳಲ್ಲಿ ಪ್ರೀತಿಯಿಂದ ‘ನೀನು ಓದು ಮಗಾ, ತೋಟ ಮಾರಾದ್ರೂ ಓದಿಸ್ತೀನಿ’ ಅನ್ನುತ್ತಾನೆ. ಮಗ ನಂಬುತ್ತಾನೆ. ಬೆಂಗಳೂರಿನ ಖಾಸಗಿ ಕಾಲೇಜುಗಳನ್ನೇ ಸಾಲಾಗಿ ಬರೆಯುತ್ತಾನೆ. ಸೀಟು ಹಂಚಿಕೆಯಾಗುತ್ತದೆ. ಶುಲ್ಕ ಕಟ್ಟಲು ಕೊಡುವ ಗಡುವು ಕೆಲವೇ ದಿನ. ಆಗ ಅಪ್ಪ ಅಟ್ಟ ನೋಡುತ್ತಾನೆ. ರೇಟು ಬಿದ್ದಿದೆ. ಬ್ಯಾಂಕಿನವರು ಸಾಲಕ್ಕೆ ಕೇಳುವ ಕಾಗದ ಒಂದು ವಾರದಲ್ಲಿ ಮುಗಿಯುವಂಥದ್ದಲ್ಲ. ಕೊನೆಗೆ ಸೀಟು ಬಿಡುತ್ತಾರೆ, ಇಲ್ಲವೇ ಕೈಸಾಲಕ್ಕೆ ಹೋಗುತ್ತಾರೆ.

ಇದರಲ್ಲಿ ಅಪ್ಪನ ಸುಳ್ಳೇನೂ ಇಲ್ಲ. ಮಗನ ಮುಂದೆ ಕೈಲಾಗದವನು ಅನ್ನಿಸಿಕೊಳ್ಳಬಾರದೆಂಬ ಸಂಕೋಚ. ಅರ್ಥವಾಗುತ್ತದೆ, ನಾನೂ ಅಪ್ಪನೇ. ಆದರೂ ಹೇಳುತ್ತೇನೆ, ಆಯ್ಕೆ ಪಟ್ಟಿ ಬರೆಯುವ ಮೊದಲು ಒಂದು ಸಂಜೆ ಮನೆಯವರೆಲ್ಲ ಕೂತು ‘ವರ್ಷಕ್ಕೆ ಇಷ್ಟು ಸಾಧ್ಯ, ಇದಕ್ಕಿಂತ ಹೆಚ್ಚು ಆಗದು’ ಎಂದು ಒಂದು ಅಂಕಿ ಹೇಳಿಬಿಡಿ. ಸರ್ಕಾರಿ ಕಾಲೇಜಿನ ಶುಲ್ಕ ಬೇರೆ, ಅನುದಾನಿತ ಬೇರೆ, ಖಾಸಗಿ ಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಆಯಾ ವರ್ಷದ ಶುಲ್ಕದ ವಿವರ ಪ್ರಕಟಿಸುತ್ತದೆ. ಅದರ ಮೇಲೆ ಹಾಸ್ಟೆಲ್ಲು, ಊಟ, ಬಸ್ಸು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ, ಅವುಗಳಿಗೆ ಬೋಧನಾ ಶುಲ್ಕ ಇಲ್ಲ. ಇದನ್ನೂ ಅರ್ಜಿಯಲ್ಲಿ ಕೇಳಿಕೊಳ್ಳಬೇಕು. ಹದಿನೇಳು ವರ್ಷದ ಮಕ್ಕಳು ನಾವು ತಿಳಿದಷ್ಟು ಎಳೆಯರಲ್ಲ. ಅಂಕಿ ಕೊಟ್ಟರೆ ಅದರೊಳಗೆ ಲೆಕ್ಕ ಮಾಡುತ್ತಾರೆ. ನಾವು ಅದನ್ನೇ ಅಲ್ಲವೇ ಹತ್ತು ವರ್ಷ ಕಲಿಸಿದ್ದು?

ಈಗ ಉಳಿದದ್ದು ಪಟ್ಟಿ. ಇದು ಪೂರ್ತಿ ವಿದ್ಯಾರ್ಥಿಯದು. ಅಪ್ಪನದಲ್ಲ, ಸೈಬರ್ ಸೆಂಟರಿನವನದಲ್ಲ, ಮೇಷ್ಟರದಂತೂ ಅಲ್ಲವೇ ಅಲ್ಲ.

ಪಟ್ಟಿಯ ಬಗ್ಗೆ ಇರುವಷ್ಟು ಮೂಢನಂಬಿಕೆ ಗ್ರಹಣದ ಬಗ್ಗೆಯೂ ಇಲ್ಲ. ‘ನಮ್ಮ ರ‍್ಯಾಂಕಿಗೆ ಸಿಗುವುದನ್ನೇ ಮೊದಲು ಬರೆಯಬೇಕು, ದೊಡ್ಡದನ್ನು ಮೊದಲು ಬರೆದರೆ ಎಲ್ಲವೂ ಕೈತಪ್ಪುತ್ತದೆ’ ಎಂಬುದು ಅದರಲ್ಲಿ ಮುಖ್ಯವಾದದ್ದು. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ. ಶಾಲಾ ಪ್ರವಾಸಕ್ಕೆ ಬಸ್ಸು ನಿಂತಿದೆ ಅಂದುಕೊಳ್ಳಿ. ನಾನು ಬಾಗಿಲಲ್ಲಿ ನಿಂತು ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಹತ್ತಿಸುತ್ತಿದ್ದೇನೆ. ಪ್ರತಿಯೊಬ್ಬರ ಕೈಯಲ್ಲಿ ಒಂದು ಚೀಟಿ: ಮೊದಲು ಡ್ರೈವರ್ ಹಿಂದಿನ ಕಿಟಕಿ, ಅದಿಲ್ಲದಿದ್ದರೆ ಎಡಗಡೆಯ ಕಿಟಕಿ, ಅದೂ ಇಲ್ಲದಿದ್ದರೆ ಮಧ್ಯದ ಸೀಟು, ಹೀಗೆ. ನಲವತ್ತನೆಯ ಹುಡುಗನ ಸರದಿ ಬಂದಾಗ ಅವನ ಚೀಟಿಯನ್ನು ಮೇಲಿನಿಂದ ಓದುತ್ತೇನೆ. ಮೊದಲನೆಯದು ಹೋಗಿದೆ, ಎರಡನೆಯದೂ ಹೋಗಿದೆ, ಮೂರನೆಯದು ಖಾಲಿ ಇದೆ, ಅಲ್ಲಿ ಕೂರಿಸುತ್ತೇನೆ. ‘ಡ್ರೈವರ್ ಹಿಂದಿನ ಕಿಟಕಿ ಬರೆಯಲು ನಿನಗೆಷ್ಟು ಧೈರ್ಯ’ ಎಂದು ಅವನನ್ನು ಸಾಲಿನ ಹಿಂದಕ್ಕೆ ಕಳಿಸುವುದಿಲ್ಲ. ಅವನ ಹಿಂದಿರುವ ನಲವತ್ತೊಂದನೆಯವನು ಅದೇ ಮಧ್ಯದ ಸೀಟನ್ನು ಮೊದಲನೆಯದಾಗಿ ಬರೆದಿದ್ದರೂ ಅವನಿಗೆ ಮೊದಲು ಕೊಡುವುದಿಲ್ಲ.

ಕೆಇಎಯ ಕಂಪ್ಯೂಟರು ಮಾಡುವುದೂ ಇಷ್ಟೇ, ಪ್ರವರ್ಗವಾರು ಸೀಟುಗಳ ಲೆಕ್ಕ ಇಟ್ಟುಕೊಂಡು. ಆದ್ದರಿಂದ ಪಟ್ಟಿಯ ಕ್ರಮ ತೀರ್ಮಾನ ಮಾಡುವುದು ಆಸೆ, ರ‍್ಯಾಂಕ್ ಅಲ್ಲ. ಪಟ್ಟಿಯಲ್ಲಿ ಎಷ್ಟು ಕೆಳಗೆ ಇಳಿಯಬೇಕಾಗುತ್ತದೆ ಎಂಬುದನ್ನು ಮಾತ್ರ ರ‍್ಯಾಂಕ್ ತೀರ್ಮಾನಿಸುತ್ತದೆ. ಹಿಂದಿನ ವರ್ಷದ ಕಟ್ ಆಫ್ ನೋಡುವುದು ಪಟ್ಟಿ ಎಷ್ಟು ಉದ್ದ ಇರಬೇಕು ಎಂದು ತಿಳಿಯಲು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಏಳನೆಯ ಆಯ್ಕೆ ಸಿಕ್ಕಿತೆಂದರೆ ಎಂಟರಿಂದ ಕೆಳಗಿನದೆಲ್ಲ ಅಳಿಸಿಹೋಯಿತು. ಮುಂದಿನ ಸುತ್ತಿಗೆ ಉಳಿಯುವುದು ಮೇಲಿನ ಆರು ಮಾತ್ರ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿ ಫೋನು ಹಿಡಿದುಕೊಂಡು ನಮ್ಮ ಮನೆಗೇ ಬಂದಳು. ಒಂಬತ್ತನೇ ತರಗತಿಯಲ್ಲಿ ಅವರೆ ಗಿಡದ ಬೇರಿನ ಗಂಟುಗಳನ್ನು ಬ್ಲೇಡಿನಲ್ಲಿ ಸೀಳಿ ‘ಸಾರ್, ಒಳಗೆ ಕೆಂಪಗಿದೆ’ ಎಂದು ಕೂಗಿದವಳು. ಕೃಷಿ ಬಿ.ಎಸ್ಸಿ. ಮಾಡಬೇಕೆಂಬ ಆಸೆ. ಅಣಕು ಹಂಚಿಕೆಯಲ್ಲಿ ಅವಳಿಗೆ ಪಕ್ಕದ ಪಟ್ಟಣದ ಎಂಜಿನಿಯರಿಂಗ್ ಕಾಲೇಜು, ಕಂಪ್ಯೂಟರ್ ಸೈನ್ಸ್ ತೋರಿಸುತ್ತಿತ್ತು. ಪಟ್ಟಿ ತೆಗೆದು ನೋಡಿದರೆ ಅದು ಮೂರನೆಯದು. ಕೃಷಿ ಕಾಲೇಜು ಹನ್ನೆರಡನೆಯದು. ಎಂಜಿನಿಯರಿಂಗಿಗೂ ಕೃಷಿಗೂ ರ‍್ಯಾಂಕ್ ಬೇರೆ ಬೇರೆ ಇದ್ದರೂ ಪಟ್ಟಿ ಒಂದೇ, ಸಿಗುವ ಸೀಟೂ ಒಂದೇ. ಮೂರನೆಯದು ಸಿಕ್ಕ ಮೇಲೆ ಹನ್ನೆರಡನೆಯದರ ಮಾತೆಲ್ಲಿ?

‘ಬರೆದವರು ಯಾರಮ್ಮ?’

‘ಅಪ್ಪ ಸಾರ್. ಸೈಬರ್‌ನಲ್ಲಿ ಕೂತು ಹಾಕ್ಸಿದ್ರು. ನನ್ನ ಕರ್ಕೊಂಡು ಹೋಗ್ಲಿಲ್ಲ.’

ಅಪ್ಪನನ್ನು ಕರೆಸಿದೆ. ಬೈಯಬೇಕೆಂದೇ ಇದ್ದೆ, ಆಗಲಿಲ್ಲ. ‘ಮೇಷ್ಟ್ರೇ, ಮನೆಯಿಂದ ಹೋಗಿ ಬರೋ ಹಂಗಿರ್ಲಿ ಅಂತ. ಹೆಣ್ಣುಡುಗಿ, ಹಾಸ್ಟೆಲ್ಲು ಹೆಂಗಿರ್ತದೋ ಏನೋ’ ಎಂದರು. ಭಯ ನಿಜವಾದದ್ದೇ. ಆದರೆ ಆ ಭಯವನ್ನು ಮಗಳಿಗೆ ಹೇಳದೆ ಪಟ್ಟಿಯಲ್ಲಿ ಅಡಗಿಸಿ ಇಟ್ಟಿದ್ದರು. ಮರುದಿನ ಅಪ್ಪ ಮಗಳು ಇಬ್ಬರೂ ಹಾಸನದ ಬಳಿಯ ಕಾರೆಕೆರೆ ಕೃಷಿ ಕಾಲೇಜಿಗೆ ಹೋಗಿ, ಹಾಸ್ಟೆಲ್ ನೋಡಿ, ಅಲ್ಲಿಯ ಹುಡುಗಿಯರ ಹತ್ತಿರ ಮಾತಾಡಿ ಬಂದರು. ಅಣಕು ಹಂಚಿಕೆಯ ನಂತರ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಅದಿರುವುದೇ ಇದಕ್ಕೆ. ಆ ಸಂಜೆ ಪಟ್ಟಿಯನ್ನು ಅವಳೇ ಬರೆದಳು.

ಸೀಟು ಸಿಕ್ಕ ಮೇಲೆ ನಾಲ್ಕು ದಾರಿ. ಮೊದಲನೆಯದು, ತೃಪ್ತಿಯಿದೆ, ಸೇರುತ್ತೇನೆ. ಎರಡನೆಯದು, ಇದು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಹೋಗುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಕ್ಕೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಲಿದ್ದ ಸೀಟು ಕಳೆದುಕೊಂಡವರಿದ್ದಾರೆ. ಎರಡನೆಯದರಲ್ಲಿಯೂ ಮೇಲಿನದು ಸಿಕ್ಕ ಕ್ಷಣ ಹಳೆಯದು ಹೋಗುತ್ತದೆ, ಮರಳಿ ಬರುವುದಿಲ್ಲ. ಶುಲ್ಕದ ಕಟ್ಟಳೆಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಕ ಓದಿ. ಪಕ್ಕದ ಮನೆಯ ಅಣ್ಣ ಹೇಳುವುದು ಅವನ ವರ್ಷದ ನಿಯಮ.

ಪಾಸ್‌ವರ್ಡಿನ ವಿಷಯ ಬಿಡುವ ಹಾಗಿಲ್ಲ. 2024ರಲ್ಲಿ ಎಂಜಿನಿಯರಿಂಗ್ ಸೀಟು ತಡೆಹಿಡಿದ ಪ್ರಕರಣ ಹೊರಬಂದು, ಪೊಲೀಸ್ ದೂರು, ಬಂಧನ ಎಲ್ಲ ಆಯಿತು. ಅಭ್ಯರ್ಥಿಗಳ ಲಾಗಿನ್ ಬಳಸಿ ಬೇರೆಯವರು ಆಯ್ಕೆ ನಮೂದಿಸಿದರೆಂಬುದೇ ಅಲ್ಲಿಯ ಆರೋಪ. ಎಟಿಎಂ ಪಿನ್ನನ್ನು ಹೆಂಡತಿಗೂ ಹೇಳದ ಯಜಮಾನರು ಮಗನ ಕೆಇಎ ಪಾಸ್‌ವರ್ಡನ್ನು ಸೈಬರ್ ಸೆಂಟರಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿ ಬಂದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಯ ಕಂಪ್ಯೂಟರು ಬಳಸಿ, ಬೇಡ ಎನ್ನುವುದಿಲ್ಲ. ಪಕ್ಕದಲ್ಲಿ ಮಗು ಕೂತಿರಲಿ. ಪಾಸ್‌ವರ್ಡು, ಒಟಿಪಿ ಅದರ ಕೈಯಲ್ಲೇ ಇರಲಿ.

ಈ ವರ್ಷ ಅರ್ಜಿಯ ಕಾಲದಲ್ಲಿ ಒಂದು ಸಂಸಾರ ಬಂದಿತ್ತು. ಅಪ್ಪ, ಮಗ ಕುರ್ಚಿಯಲ್ಲಿ. ತಾಯಿ ಬಾಗಿಲ ಹತ್ತಿರ ನಿಂತಿದ್ದರು. ಈಗ ನಾನು ಪ್ರಾಥಮಿಕ ಶಾಲೆಯ ವಿಷಯವನ್ನೇ ಮೊದಲು ಕೇಳುತ್ತೇನೆ. ‘ಒಂದರಿಂದ ಏಳು ಊರಲ್ಲೇ ಸಾರ್’ ಎಂದರು ಅಪ್ಪ. ತಾಯಿ ಮೆಲ್ಲಗೆ, ‘ಎರಡನೇ ಕ್ಲಾಸಲ್ಲಿ ಅರಸೀಕೆರೆ ಸ್ಕೂಲಿಗೆ ಹಾಕಿದ್ವಲ್ಲ, ಇವನ ತಂಗಿ ಬಾಣಂತನದಲ್ಲಿ ನಾನು ಅಮ್ಮನ ಮನೆಲಿದ್ದಾಗ’ ಅಂದರು. ಅಪ್ಪನಿಗೆ ಅದು ಮರೆತೇಹೋಗಿತ್ತು. ವರ್ಗಾವಣೆ ಪತ್ರ ತೆಗೆದುಕೊಂಡು ಹೋಗಿ ಪೇಟೆಯ ಶಾಲೆಗೆ ದಾಖಲಾಗಿದ್ದ; ಆ ವರ್ಷ ಅಲ್ಲೇ ಮುಗಿಸಿದ್ದ.

‘ಹಾಗಾದರೆ ಗ್ರಾಮೀಣ ಕೋಟಾ ಕೇಳುವ ಹಾಗಿಲ್ಲ.’

‘ಒಂದು ವರ್ಷ ತಾನೇ ಮೇಷ್ಟ್ರೇ. ಊರಿನ ಮೇಷ್ಟ್ರಿಗೆ ನೀವೊಂದು ಮಾತು ಹೇಳಿದ್ರೆ ಹತ್ತೂ ವರ್ಷ ಇಲ್ಲೇ ಅಂತ ಬರ್ಕೊಡ್ತಾರೆ.’

ಆಗುವುದಿಲ್ಲ ಎಂದೆ. ಬರೆದವರ ನೌಕರಿಯ ಮಾತು ಹಾಗಿರಲಿ, ಸುಳ್ಳು ಎಂದು ಮುಂದೆ ಗೊತ್ತಾದರೆ ಸೀಟೇ ರದ್ದಾಗುತ್ತದೆ, ಓದು ಅರ್ಧಕ್ಕೆ ನಿಲ್ಲುತ್ತದೆ ಎಂದು ವಿವರಿಸಿದೆ. ಅಪ್ಪ ಮುಖ ಗಂಟು ಹಾಕಿಕೊಂಡರು. ಹದಿನೈದು ವರ್ಷದ ಹಿಂದೆ ಕೊಡಬೇಕಾದ್ದನ್ನು ಕೊಡದೆ ಕಳಿಸಿದ ಅದೇ ಮೇಜಿನ ಮುಂದೆ, ಈಗ ಕೊಡಬಾರದ್ದನ್ನು ಇಲ್ಲ ಎನ್ನುತ್ತಿದ್ದೆ. ಎರಡೂ ಸಲ ಎದುರಿಗಿದ್ದವರು ಬಡವರೇ.

ತಾಯಿ ಹೇಳಿದ್ದು ಅರ್ಜಿ ತುಂಬುವ ಮೊದಲೇ ಆದ್ದರಿಂದ ಬೇರೆ ದಾರಿ ನೋಡಲು ಸಮಯವಿತ್ತು. ಆ ಪೇಟೆಯ ಶಾಲೆಯೂ ಕನ್ನಡ ಮಾಧ್ಯಮವೇ. ಹಾಗಾಗಿ ಕನ್ನಡ ಮಾಧ್ಯಮದ ಕೋಟಾಕ್ಕೆ ಅಡ್ಡಿಯಿಲ್ಲ. ಮೂರು ಶಾಲೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಪ್ರತಿಯೊಂದರಿಂದಲೂ ಏನೇನು ತರಬೇಕು ಎಂದು ಗುರುತು ಹಾಕಿ ತಾಯಿಯ ಕೈಗೆ ಕೊಟ್ಟೆ. ಹುಡುಗನ ಕಡೆ ತಿರುಗಿ, ‘ಗ್ರಾಮೀಣ ಇಲ್ಲ ಅಂದಮೇಲೆ ಪಟ್ಟಿ ಇನ್ನೂ ಉದ್ದ ಮಾಡಬೇಕಾಗುತ್ತೆ ಕಣೋ’ ಎಂದೆ.

‘ಮಾಡ್ತೀನಿ ಸಾರ್’ ಎಂದ. ಹೇಳುವಾಗ ಅಪ್ಪನ ಮುಖ ನೋಡಲಿಲ್ಲ.